ಶಂಕ್ರಣ್ಣನ ಫೈಟ್ ಸಿನಿಮಾಗಳನ್ನು ಪಕ್ಕಕ್ಕೆ ಸರಿಸಬೇಡಿ

ಗಾಂಧಿಬಜಾರ್ ಗೆಳೆಯ (ಚರ್ಚೆ ಶುರು ಮಾಡಿದವರು)

ನವೆಂಬರ್ ಬಂತು ಅಂದರೆ ನಟ, ನಿರ್ದೇಶಕ ಶಂಕರ್‌ನಾಗ್ ಬಗ್ಗೆ ಬರಹಗಳು ಒಂದರ ಹಿಂದೆ ಒಂದು ಬರುತ್ತವೆ. 9ನೇ ತಾರೀಖು ಅವರ ಹುಟ್ಟುಹಬ್ಬ. ಬದುಕಿದ್ದಿದ್ದರೆ ಎಪ್ಪತ್ತು ದಾಟಿರುತ್ತಿತ್ತು. ಎಲ್ಲಾ ಬರಹಗಳಲ್ಲೂ ಅವರು ನಿರ್ದೇಶಿಸಿದ ಮಾಲ್ಗುಡಿ ಡೇಸ್ ಧಾರಾವಾಹಿ ಇರುತ್ತದೆ, ಬೆಂಗಳೂರಿಗೆ ಮೆಟ್ರೋ ರೈಲಿನ ಕನಸು ಇರುತ್ತದೆ, ನಂದಿ ಬೆಟ್ಟದ ರೋಪ್‌ವೇ ಯೋಜನೆ ಇರುತ್ತದೆ, ಸಂಕೇತ್ ರೆಕಾರ್ಡಿಂಗ್ ಸ್ಟುಡಿಯೋ ಇರುತ್ತದೆ. ಎಲ್ಲವೂ ನಿಜ, ಎಲ್ಲವೂ ದೊಡ್ಡ ಕೆಲಸಗಳೇ. ಆದರೆ ಫೈಟ್ ಸಿನಿಮಾಗಳ ವಿಷಯ ಬಂದಾಗ ಮಾತ್ರ ಎಲ್ಲರೂ ಅವಸರ ಮಾಡುತ್ತಾರೆ. ಜೊತೆಗೆ ಕೆಲವು ಮಸಾಲೆ ಚಿತ್ರಗಳಲ್ಲೂ ನಟಿಸಿದರು ಅಂತ ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ.

ನನಗೆ ಇದು ಸರಿ ಕಾಣುವುದಿಲ್ಲ. ಹನ್ನೆರಡು ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರ ಮಾಡಿದ ಮನುಷ್ಯ. ಅವುಗಳಲ್ಲಿ ಜಾಸ್ತಿ ಹೊಡೆದಾಟದ ಚಿತ್ರಗಳೇ. ಕರಾಟೆ ಕಿಂಗ್ ಅಂತ ಜನ ಕರೆದದ್ದು ಸುಮ್ನೆ ಅಲ್ಲ. ಹೊಸಪೇಟೆಯಲ್ಲೋ ಹಾಸನದಲ್ಲೋ ಟಿಕೆಟ್‌ಗೆ ಸಾಲು ನಿಂತವರು ನಿರ್ದೇಶಕ ಶಂಕರ್‌ನಾಗ್‌ನನ್ನು ನೋಡಲು ನಿಂತವರಲ್ಲ. ಗಾಳಿಯಲ್ಲಿ ಕಾಲು ಬೀಸುವ ಶಂಕ್ರಣ್ಣನನ್ನು ನೋಡಲು ನಿಂತವರು. ಆ ಜನರ ಪ್ರೀತಿಯನ್ನು ಎರಡನೇ ದರ್ಜೆ ಅಂತ ಹೇಳಲು ನಾವು ಯಾರು?

ಅವರ ಮೊದಲ ಪಾತ್ರ ನೆನಪಿಸಿಕೊಳ್ಳಿ. 1978ರ ‘ಒಂದಾನೊಂದು ಕಾಲದಲ್ಲಿ’. ಗಿರೀಶ್ ಕಾರ್ನಾಡ್ ನಿರ್ದೇಶನ. ಅದರಲ್ಲಿ ಶಂಕ್ರಣ್ಣ ಗಂಡುಗಲಿ ಅನ್ನುವ ಬಾಡಿಗೆ ಸೈನಿಕ. ಕತ್ತಿ ಹಿಡಿದು ಕಾಡಿನಲ್ಲಿ ಅಲೆಯುವವನು. ಯಾರು ದುಡ್ಡು ಕೊಡುತ್ತಾರೋ ಅವರ ಪರ ಕಾದಾಡುವವನು. ಅಂದರೆ ಕನ್ನಡಿಗರು ಅವರನ್ನು ಮೊದಲ ಸಲ ನೋಡಿದ್ದೇ ಹೊಡೆದಾಟಗಾರನಾಗಿ. ಆ ಪಾತ್ರಕ್ಕೆ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಹೊಡೆದಾಟ ಬೇರೆ, ನಟನೆ ಬೇರೆ ಅನ್ನುವವರು ಆ ಚಿತ್ರವನ್ನು ಇನ್ನೊಮ್ಮೆ ನೋಡಬೇಕು.

ನೀವೆಲ್ಲ ಬರೆಯಿರಿ. ಅವರ ಯಾವ ಫೈಟ್ ನಿಮ್ಮ ತಲೆಯಲ್ಲಿ ಉಳಿದಿದೆ? ಯಾಕೆ ಉಳಿದಿದೆ?

ರಂಗಪರದೆ

ಗೆಳೆಯರೇ, ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೆ ನಾನು ಇನ್ನೊಂದು ಪಕ್ಕದಿಂದ ಮಾತಾಡಬೇಕು. ಶಂಕರ್ ಮುಂಬೈನ ಮರಾಠಿ ರಂಗಭೂಮಿಯಲ್ಲಿ ತಯಾರಾಗಿ ಬಂದವರು. ಇಲ್ಲಿ ಸಂಕೇತ್ ತಂಡ ಕಟ್ಟಿ ನಾಟಕ ಮಾಡಿಸಿದರು. ‘ಮಿಂಚಿನ ಓಟ’, ‘ಗೀತಾ’, ‘ಆ್ಯಕ್ಸಿಡೆಂಟ್’ ನಿರ್ದೇಶಿಸಿದರು. 1985ರ ಆ್ಯಕ್ಸಿಡೆಂಟ್‌ಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು. ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ದೊಡ್ಡವರ ಮಗನ ಕಾರು ಹರಿಯುವ ಕಥೆ. ಹಾಡಿಲ್ಲ, ಹೀರೋಯಿಸಂ ಇಲ್ಲ. ಇಂಥ ಚಿತ್ರ ಮಾಡಬಲ್ಲವರು ವರ್ಷಕ್ಕೆ ಅಷ್ಟೊಂದು ಫೈಟ್ ಸಿನಿಮಾಗಳಿಗೆ ಸಮಯ ಕೊಡಬೇಕಾಯಿತಲ್ಲ ಅನ್ನುವುದು ನನ್ನ ಸಂಕಟ. ಮೂವತ್ತೈದು ವರ್ಷವೂ ಪೂರ್ತಿ ಆಗಿ ಒಂದು ವರ್ಷ ಕಳೆಯಲಿಲ್ಲ, ಹೋಗಿಬಿಟ್ಟರು. ಆ ದಿನಗಳಲ್ಲಿ ಇನ್ನೆರಡು ಆ್ಯಕ್ಸಿಡೆಂಟ್ ಬಂದಿದ್ದರೆ ಅಂತ ಅನಿಸುವುದಿಲ್ಲವಾ ನಿಮಗೆ?

ಕಾಕಿ ಅಂಗಿ

ರಂಗಪರದೆ ಸರ್, ನಮಸ್ಕಾರ. ನಾನು ಆಟೋ ಓಡಿಸುವವನು. ನಮ್ಮ ಸ್ಟ್ಯಾಂಡಿನ ಬೋರ್ಡ್ ಮೇಲೆ ಶಂಕ್ರಣ್ಣನ ಫೋಟೋ ಇದೆ. ನಾನು ಈ ಕೆಲಸಕ್ಕೆ ಬರುವ ಮುಂಚೆಯೇ ಹಿರಿಯರು ಹಾಕಿಸಿದ್ದು. ಬಣ್ಣ ಮಾಸಿದಾಗ ನಾವೇ ಚಂದಾ ಎತ್ತಿ ಹೊಸದಾಗಿ ಬರೆಸುತ್ತೇವೆ.

‘ಆಟೋ ರಾಜ’ 1980ರಲ್ಲಿ ಬಂತು. ಅದಕ್ಕಿಂತ ಮುಂಚೆ ಸಿನಿಮಾದಲ್ಲಿ ಆಟೋದವನು ಅಂದರೆ ಹೀರೋನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಿಟ್ಟು ಹೋಗುವವನು, ಅಷ್ಟೇ. ಶಂಕ್ರಣ್ಣ ಕಾಕಿ ಹಾಕಿಕೊಂಡು ಹ್ಯಾಂಡಲ್ ಹಿಡಿದು ಕೂತ ಮೇಲೆ ಆಟೋದವನೇ ಹೀರೋ ಆದ. ಅವನಿಗೂ ಮಾನ ಇದೆ, ಸಿಟ್ಟು ಇದೆ, ಪ್ರೀತಿ ಇದೆ. ಅನ್ಯಾಯ ಕಂಡರೆ ಗಾಡಿ ನಿಲ್ಲಿಸಿ ಇಳಿಯುತ್ತಾನೆ. ನಮ್ಮ ಹಿರಿಯರು ಥಿಯೇಟರಿನಿಂದ ಹೊರಗೆ ಬಂದು ತಮ್ಮ ಗಾಡಿ ಹತ್ತುವಾಗ ಎದೆ ಉಬ್ಬಿಸಿ ಹತ್ತಿದರಂತೆ. ಇದು ಸಣ್ಣ ವಿಷಯವಾ ಸರ್? ಫೈಟ್ ಸಿನಿಮಾ ಮಾಡಿ ಸಮಯ ಹಾಳಾಯಿತು ಅಂತ ನಮಗೆ ಹೇಗೆ ಅನ್ನಿಸಲು ಸಾಧ್ಯ?

ರಾಜ್ಯೋತ್ಸವದ ತಿಂಗಳು ಪೂರ್ತಿ ಗಾಡಿಗೆ ಹಳದಿ ಕೆಂಪು ಬಾವುಟ ಕಟ್ಟುತ್ತೇವೆ. 9ಕ್ಕೆ ಹಾರ ಹಾಕಿ, ಸಿಹಿ ಹಂಚಿ, ಅನ್ನಸಂತರ್ಪಣೆ ಮಾಡುತ್ತೇವೆ. ಬೆಂಗಳೂರಲ್ಲಿ ಮಾತ್ರ ಅಲ್ಲ, ಎಷ್ಟೋ ಊರುಗಳಲ್ಲಿ ಶಂಕರ್‌ನಾಗ್ ಆಟೋ ನಿಲ್ದಾಣ ಅಂತಲೇ ಹೆಸರು ಇದೆ. ಇದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ.

ಶರಾವತಿ ತೀರ

ಹೊನ್ನಾವರದ ಕಡೆಯವಳು ನಾನು. ಅವರು ಹುಟ್ಟಿದ್ದು ನಮ್ಮ ಕಡೆ, 1954ರಲ್ಲಿ. ನಮ್ಮ ಮನೆಯಲ್ಲಿ ಅಜ್ಜಿಗೂ ಶಂಕರ್‌ನಾಗ್ ಅಂದರೆ ನಮ್ಮ ಹುಡುಗ ಅನ್ನುವ ಅಭಿಮಾನ. ಅವರ ಅಣ್ಣ ಅನಂತ್‌ನಾಗ್ ಕಣ್ಣಲ್ಲೇ ಮಾತಾಡುತ್ತಾರೆ, ತಮ್ಮ ಇಡೀ ಮೈಯಲ್ಲಿ ಮಾತಾಡುತ್ತಾನೆ ಅಂತ ಅಜ್ಜಿ ಹೇಳುತ್ತಿದ್ದರು.

ಅವರ ಫೈಟ್ ಯಾಕೆ ಉಳಿಯಿತು ಅಂತ ಕೇಳಿದಿರಿ. ನನಗೆ ಕಂಡಂತೆ ಹೇಳುತ್ತೇನೆ. ಅವರು ದಪ್ಪ ತೋಳಿನ ಪೈಲ್ವಾನ್ ಅಲ್ಲ. ತೆಳ್ಳಗಿನ ಉದ್ದನೆ ಮೈ. ಗಾಳಿಗೆ ಅಡಿಕೆ ಮರ ಬಾಗಿ ಮತ್ತೆ ನೆಟ್ಟಗಾಗುವ ಹಾಗೆ ಏಟು ತಪ್ಪಿಸಿಕೊಂಡು ಎದ್ದು ನಿಲ್ಲುತ್ತಿದ್ದರು. ಟೈಗರ್ ಪ್ರಭಾಕರ್ ಹೊಡೆದರೆ ಅದರಲ್ಲಿ ತೂಕ ಕಾಣುತ್ತಿತ್ತು. ಪ್ರಭಾಕರ್ ಸ್ಟಂಟ್ ಕೆಲಸದಿಂದಲೇ ಮೇಲೆ ಬಂದವರು ಅಲ್ವಾ. ಶಂಕರ್ ಹೊಡೆದರೆ ವೇಗ ಕಾಣುತ್ತಿತ್ತು. ಒದ್ದ ಕಾಲು ನೆಲ ಮುಟ್ಟುವ ಮುಂಚೆ ಕಣ್ಣು ಮುಂದಿನವನ ಕಡೆ ಹೋಗಿರುತ್ತಿತ್ತು. ಆ ಕಣ್ಣನ್ನು ಗಮನಿಸಿ ನೋಡಿ. ಅಲ್ಲೇ ನಟನೆ ಇದೆ.

ರೀಲ್ ಪೆಟ್ಟಿಗೆ

ಶರಾವತಿ ತೀರ ಮೇಡಂ ಹೇಳಿದ್ದು ಬಹಳ ಸರಿ. ಆ ಕಾಲದ ಸ್ಟಂಟ್ ತಂಡಗಳ ಕೆಲಸವನ್ನು ಹತ್ತಿರದಿಂದ ನೋಡಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ, ಈಗಿನ ಹುಡುಗರಿಗೆ ಗೊತ್ತಾಗಲಿ.

ಎಂಬತ್ತರ ದಶಕದಲ್ಲಿ ಕಂಪ್ಯೂಟರ್ ಇಲ್ಲ. ನಟನನ್ನು ಎತ್ತಿ ಹಿಡಿದ ಹಗ್ಗವನ್ನು ಆಮೇಲೆ ಅಳಿಸಿ ಹಾಕುವ ಮಾತೇ ಇಲ್ಲ. ನೆಗೆಯಬೇಕು ಅಂದರೆ ಚೌಕಟ್ಟಿನ ಹೊರಗೆ ಸ್ಪ್ರಿಂಗ್ ಹಲಗೆ ಇಡುತ್ತಿದ್ದರು. ಬೀಳುವ ಕಡೆ ಹಾಸಿಗೆ, ಇಲ್ಲವೇ ಖಾಲಿ ರಟ್ಟಿನ ಪೆಟ್ಟಿಗೆಗಳ ರಾಶಿ. ಬಜೆಟ್ ಕಡಿಮೆ ಇದ್ದರೆ ಹುಲ್ಲು. ಫಿಲ್ಮ್ ದುಬಾರಿ. ಹಾಗಾಗಿ ಒಂದು ಹೊಡೆತಕ್ಕೆ ಹತ್ತು ಟೇಕ್ ಕೇಳುವ ಹಾಗಿಲ್ಲ. ಮೊದಲು ಕ್ಯಾಮೆರಾ ಓಡಿಸದೆ ಎಣಿಕೆ ಹಾಕಿ ಅಭ್ಯಾಸ. ಒಂದು ಅಂದರೆ ಕೈ, ಎರಡು ಅಂದರೆ ಬಾಗು, ಮೂರು ಅಂದರೆ ಒದೆ. ಎಣಿಕೆ ತಪ್ಪಿದರೆ ಎದುರಿಗಿದ್ದವನ ಹಲ್ಲು ಹೋಗುತ್ತದೆ.

ಇನ್ನೊಂದು ಉಪಾಯ ಇತ್ತು. ಥಿಯೇಟರಿನಲ್ಲಿ ಸೆಕೆಂಡಿಗೆ 24 ಚೌಕಟ್ಟು (ಫ್ರೇಮ್) ಓಡುತ್ತದೆ. ಫೈಟ್ ಶೂಟ್ ಮಾಡುವಾಗ ಕ್ಯಾಮೆರಾವನ್ನು 18 ಅಥವಾ 20ಕ್ಕೆ ಇಳಿಸುತ್ತಿದ್ದರು. ಪರದೆ ಮೇಲೆ ಹೊಡೆತ ಚುರುಕಾಗಿ ಕಾಣುತ್ತದೆ. ಆದರೆ ಇಳಿಸುವುದು ಜಾಸ್ತಿಯಾದರೆ ಮನುಷ್ಯರು ಗೊಂಬೆಗಳ ಹಾಗೆ ಕುಣಿದಂತೆ ಕಾಣುತ್ತಾರೆ. ಮೈ ಚುರುಕಾಗಿರುವ ನಟ ಸಿಕ್ಕರೆ ಈ ಉಪಾಯ ಕಡಿಮೆ ಸಾಕು. ಕ್ಯಾಮೆರಾವನ್ನು ದೂರ ಇಟ್ಟು ಇಡೀ ಮೈ ಕಾಣುವ ಹಾಗೆ ತೆಗೆಯಬಹುದು. ಮೈ ಬಾರದ ನಟನಾದರೆ ಮುಖ ಒಂದು ಸಲ, ಮುಷ್ಟಿ ಒಂದು ಸಲ, ಡ್ಯೂಪ್‌ನ ಬೆನ್ನು ಒಂದು ಸಲ ಅಂತ ತುಂಡು ತುಂಡು ಮಾಡಬೇಕು. ಶಂಕರ್‌ನಾಗ್ ಚಿತ್ರಗಳಲ್ಲಿ ಉದ್ದನೆಯ ಶಾಟ್ ಬಂದಾಗ ಪೂರ್ತಿ ಮೈ ಕಾಣುತ್ತದೆ, ಗಮನಿಸಿ.

ಒದೆಯ ಶಬ್ದ, ಏಟಿನ ಶಬ್ದ ಎಲ್ಲ ಆಮೇಲೆ ಡಬ್ಬಿಂಗ್ ಥಿಯೇಟರಿನಲ್ಲಿ ಸೇರಿಸಿದ್ದು. ಶೂಟಿಂಗ್ ನಡೆಯುವಾಗ ಕೇಳಿಸುತ್ತಿದ್ದದ್ದು ಉಸಿರು ಮತ್ತು ಸ್ಟಂಟ್ ಮಾಸ್ಟರ್ ಎಣಿಕೆ ಮಾತ್ರ. ಈ ಶಬ್ದದ ಕೆಲಸಕ್ಕೆ ಮೊದಲೆಲ್ಲ ಮದ್ರಾಸಿಗೆ ಓಡಬೇಕಿತ್ತು. ಬೆಂಗಳೂರಲ್ಲೇ ಒಳ್ಳೆ ರೆಕಾರ್ಡಿಂಗ್ ಸ್ಟುಡಿಯೋ ಬೇಕು ಅಂತ ಸಂಕೇತ್ ಕಟ್ಟಿದ್ದು ಇದೇ ಕರಾಟೆ ಕಿಂಗ್. ರಂಗಪರದೆ ಅವರು ಎರಡು ಪಕ್ಕ ಅಂತ ಹೇಳಿದರಲ್ಲ, ನನಗೆ ಎರಡು ಪಕ್ಕ ಕಾಣಿಸುತ್ತಿಲ್ಲ. ಫೈಟ್ ಸಿನಿಮಾದ ಸೆಟ್ಟಿನಲ್ಲಿ ದಿನಾ ಕಂಡ ಕೊರತೆಯನ್ನೇ ಅವರು ತುಂಬಲು ಹೊರಟರು ಅಂತ ನಾನು ನಂಬಿದ್ದೇನೆ.

ತೊಂಬತ್ತೈದರ ಹುಡುಗ

ನಾನು ಹುಟ್ಟುವಾಗ ಅವರು ಹೋಗಿ ಐದು ವರ್ಷ ಆಗಿತ್ತು. ಆದರೂ ನನ್ನ ಮೊದಲ ಹೀರೋ ಅವರೇ. ಕಾರಣ ‘ಸಾಂಗ್ಲಿಯಾನ’. ಟಿವಿಯಲ್ಲಿ ಎಷ್ಟು ಸಲ ಬಂದರೂ ಚಾನೆಲ್ ಬದಲಿಸಲು ಮನೆಯಲ್ಲಿ ಯಾರಿಗೂ ಬಿಡುತ್ತಿರಲಿಲ್ಲ. 1988ರ ಚಿತ್ರ, ಪಿ. ನಂಜುಂಡಪ್ಪ ನಿರ್ದೇಶನ, ಹಂಸಲೇಖ ಸಂಗೀತ.

ಸೇವೆಯಲ್ಲಿದ್ದ ಒಬ್ಬ ಪೊಲೀಸ್ ಅಧಿಕಾರಿಯ ಹೆಸರನ್ನೇ ಚಿತ್ರಕ್ಕೆ ಇಟ್ಟಿದ್ದರು ಅನ್ನುವುದು ನನಗೆ ದೊಡ್ಡವನಾದ ಮೇಲೆ ಗೊತ್ತಾಯಿತು. ಎಚ್.ಟಿ. ಸಾಂಗ್ಲಿಯಾನ ಮಿಜೋರಾಂ ಮೂಲದವರು, ಕರ್ನಾಟಕದಲ್ಲಿ ಹೆಸರು ಮಾಡಿದ ಐಪಿಎಸ್ ಅಧಿಕಾರಿ. ಮುಂದೆ 2004ರಲ್ಲಿ ಬೆಂಗಳೂರು ಉತ್ತರದಿಂದ ಸಂಸದರೂ ಆದರು. ಬೇರೆ ಚಿತ್ರಗಳಲ್ಲಿ ಪೊಲೀಸ್ ಹೀರೋ ಕೂಗಾಡುತ್ತಾನೆ. ಶಂಕ್ರಣ್ಣನ ಪೊಲೀಸ್ ಹಾಗಲ್ಲ. ಆ ಗಡಸು ದನಿಯಲ್ಲಿ ಮೆಲ್ಲಗೆ ಒಂದು ಮಾತು ಹೇಳಿ, ಟೋಪಿ ಸರಿ ಮಾಡಿಕೊಂಡು, ಆಮೇಲೆ ಕೈ ಎತ್ತುತ್ತಾನೆ. ಮುಂದಿನ ವರ್ಷ ‘ಸಿಬಿಐ ಶಂಕರ್’, 1990ರಲ್ಲಿ ಸಾಂಗ್ಲಿಯಾನದ ಎರಡನೇ ಭಾಗ. ಮೂರಕ್ಕೂ ನಂಜುಂಡಪ್ಪ ಅವರೇ ನಿರ್ದೇಶಕರು. ಕನ್ನಡದಲ್ಲಿ ಎರಡನೇ ಭಾಗ ಅಂತ ಹೇಳಿಕೊಂಡು ಚಿತ್ರ ಬರುವುದು ಆಗ ಅಪರೂಪ. ಜನ ಇನ್ನೊಂದು ಬೇಕು ಅಂತ ಕೇಳಿದ್ದರಿಂದ ತಾನೇ ಬಂದದ್ದು?

ನನ್ನ ವಯಸ್ಸಿನವರು ಅವರನ್ನು ಥಿಯೇಟರಿನಲ್ಲಿ ಬಿಡುಗಡೆಯ ದಿನ ನೋಡಲಿಲ್ಲ. ಆ ಕೊರಗು ಇದೆ. ಆದರೆ ಅವರ ಚಿತ್ರ ನೋಡುವಾಗ ಹಳೇ ಸಿನಿಮಾ ನೋಡುತ್ತಿದ್ದೇನೆ ಅಂತ ನನಗೆ ಒಮ್ಮೆಯೂ ಅನ್ನಿಸಿಲ್ಲ.

ಮಸ್ಕತ್ ಕನ್ನಡತಿ

ಎಲ್ಲರ ಬರಹ ಓದಿ ಕಣ್ಣು ತುಂಬಿತು. ನಾವು ಗಲ್ಫ್‌ಗೆ ಬಂದ ಹೊಸದರಲ್ಲಿ ಊರಿಂದ ಬರುವವರ ಹತ್ತಿರ ವಿಡಿಯೋ ಕ್ಯಾಸೆಟ್ ತರಿಸುತ್ತಿದ್ದೆವು. ಉಪ್ಪಿನಕಾಯಿ ಬಾಟಲಿ, ಚಟ್ನಿಪುಡಿ, ಅದರ ನಡುವೆ ಬಟ್ಟೆಯಲ್ಲಿ ಸುತ್ತಿದ ಶಂಕರ್‌ನಾಗ್ ಕ್ಯಾಸೆಟ್. ಶುಕ್ರವಾರ ರಜೆ. ಒಂದೇ ಮನೆಯಲ್ಲಿ ನಾಲ್ಕು ಸಂಸಾರ ಸೇರಿ ನೋಡುತ್ತಿದ್ದೆವು. ಮಕ್ಕಳು ಸೋಫಾ ಮೇಲಿಂದ ನೆಗೆದು ಒದೆಯುವುದು ಕಲಿತದ್ದು ಆಗಲೇ.

ಒಂದು ಮಾತು ಸೇರಿಸಬೇಕು. ‘ತರ್ಕ’ ಚಿತ್ರವನ್ನು ಯಾರೂ ಹೇಳಲಿಲ್ಲ. ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ನಿರ್ದೇಶನ. ಹಾಡೇ ಇಲ್ಲದ ಸಸ್ಪೆನ್ಸ್ ಚಿತ್ರ. ದೊಡ್ಡ ಫೈಟ್ ಸ್ಟಾರ್ ಒಬ್ಬರು ಹೊಸ ನಿರ್ದೇಶಕನನ್ನು ನಂಬಿ, ಹಾಡು ಕುಣಿತ ಬಿಟ್ಟು ನಟಿಸಿದರು. ಶಂಕರ್‌ನಾಗ್ ಹೆಸರು ನೋಡಿ ಥಿಯೇಟರಿಗೆ ಬಂದ ಜನರಿಗೆ ಹೊಸ ರೀತಿಯ ಚಿತ್ರ ಸಿಕ್ಕಿತು. ಫೈಟ್ ಸಿನಿಮಾಗಳು ಗಳಿಸಿಕೊಟ್ಟ ಆ ಹೆಸರು ಇಲ್ಲದಿದ್ದರೆ ಆ ಚಿತ್ರಕ್ಕೆ ಅಷ್ಟು ಜನ ಬರುತ್ತಿದ್ದರಾ?

ರಂಗಪರದೆ

ಮಸ್ಕತ್ ಅಕ್ಕ, ರೀಲ್ ಪೆಟ್ಟಿಗೆ ಸರ್, ಕಾಕಿ ಅಂಗಿಯವರೇ, ನಿಮ್ಮ ಮಾತು ಯೋಚನೆಗೆ ಹಚ್ಚಿತು. ನನ್ನ ಸಂಕಟ ಹಾಗೇ ಇದೆ. ಅವರಿಂದ ಇನ್ನಷ್ಟು ನಿರ್ದೇಶನ ಬೇಕಿತ್ತು ಅನ್ನುವುದನ್ನು ನಾನು ಬಿಡುವುದಿಲ್ಲ. ಆದರೆ ಅವರು ನಿರ್ದೇಶಿಸಿದ ಚಿತ್ರಗಳಲ್ಲೂ ಮೈಯ ಕೆಲಸ ಎಷ್ಟು ಇದೆ ಅಂತ ಈಗ ನೆನಪಾಗುತ್ತಿದೆ. ಮಿಂಚಿನ ಓಟ ಕಾರು ಕಳ್ಳರ ಕಥೆ. ಅಣ್ಣ ಅನಂತ್, ತಮ್ಮ ಶಂಕರ್, ಜೊತೆಗೆ ನಟ ಲೋಕನಾಥ್. ಜೈಲಿಂದ ತಪ್ಪಿಸಿಕೊಂಡು ಓಡುವುದೇ ಅದರ ಜೀವಾಳ. 1987ರ ‘ಒಂದು ಮುತ್ತಿನ ಕಥೆ’ಯಲ್ಲಿ ಡಾ. ರಾಜ್‌ಕುಮಾರ್ ಅವರನ್ನು ನೀರಿನ ಅಡಿಗೆ ಇಳಿಸಿದರು. ನೀರಿನೊಳಗೆ ನಟನ ಮೈ ಹೇಗೆ ಕಾಣಬೇಕು ಅಂತ ಯೋಚಿಸಲು ಆ ಕಾಲಕ್ಕೆ ಎಷ್ಟು ಧೈರ್ಯ ಬೇಕಿತ್ತು! ತಾನೇ ನೆಗೆದು, ಬಿದ್ದು, ಎದ್ದು ಗೊತ್ತಿದ್ದ ನಿರ್ದೇಶಕನಿಗೆ ಆ ಧೈರ್ಯ ಬರುತ್ತದೆ ಅನಿಸುತ್ತದೆ.

ಬೆಣ್ಣೆದೋಸೆ ಊರಿನವ

ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಶಂಕ್ರಣ್ಣ ಕಾರು ಅಪಘಾತದಲ್ಲಿ ತೀರಿಕೊಂಡ ಆನಗೋಡು ನಮ್ಮೂರಿನ ಪಕ್ಕ. 1990ರ ಸೆಪ್ಟೆಂಬರ್ 30ರ ಬೆಳಗ್ಗೆ ಸುದ್ದಿ ಬಂದಾಗ ನಮ್ಮಪ್ಪ ಅಂಗಡಿ ಬಾಗಿಲು ಹಾಕಿದ್ದರು. ಯಾರೂ ಹಾಕಿ ಅಂತ ಹೇಳಿರಲಿಲ್ಲ. ಉತ್ತರ ಕರ್ನಾಟಕದ ಕಡೆ ಶೂಟಿಂಗ್‌ಗೆ ಹೊರಟಿದ್ದರು. ಜೊತೆಯಲ್ಲಿದ್ದ ಹೆಂಡತಿ ಅರುಂಧತಿ ನಾಗ್ ಅವರು ಗಾಯಗೊಂಡು ಬದುಕುಳಿದರು. ಮುಂದೆ ಜೆ.ಪಿ. ನಗರದಲ್ಲಿ 2004ರಲ್ಲಿ ರಂಗಶಂಕರ ನಾಟಕಮಂದಿರ ಶುರುವಾಯಿತಲ್ಲ, ಅದರ ಹಿಂದೆ ಅವರ ಶ್ರಮ ಎಷ್ಟಿದೆ ಅಂತ ನಾಟಕದವರಿಗೆ ಗೊತ್ತು.

ಇವತ್ತಿಗೂ ಆ ದಾರಿಯಲ್ಲಿ ಹೋಗುವ ಎಷ್ಟೋ ಲಾರಿ, ಟೆಂಪೋ ಚಾಲಕರು ಆನಗೋಡು ಬಂದಾಗ ಅವರನ್ನು ನೆನೆಯುತ್ತಾರೆ. ಅವರು ನಾಟಕ ನೋಡಿದವರಲ್ಲ. ಮಾಲ್ಗುಡಿ ಡೇಸ್ ಕೂಡ ಎಲ್ಲರೂ ನೋಡಿರಲಿಕ್ಕಿಲ್ಲ. ಫೈಟ್ ಸಿನಿಮಾ ನೋಡಿದವರು. ನನ್ನ ಓಟು ಗಾಂಧಿಬಜಾರ್ ಗೆಳೆಯರಿಗೇ.

ಕಾಕಿ ಅಂಗಿ

ಒಂದು ಯೋಚನೆ ಬಂದಿದೆ. ಈ ಸಲ ಹಾರ, ಸಿಹಿ, ಊಟದ ಜೊತೆಗೆ ಸಂಜೆ ಬಿಳಿ ಪರದೆ ಕಟ್ಟಿ ಒಂದು ಚಿತ್ರ ತೋರಿಸಿದರೆ ಹೇಗೆ? ಬಾಡಿಗೆಗೆ ಪ್ರೊಜೆಕ್ಟರ್ ಸಿಗುತ್ತದೆ. ಸ್ಟ್ಯಾಂಡ್ ಪಕ್ಕದ ಮೈದಾನ ಕೇಳಿದ್ದೇವೆ. ನಮ್ಮ ಹುಡುಗರು ಆಟೋ ರಾಜ ಅಂತಿದ್ದಾರೆ. ನೀವು ಏನಂತೀರಿ?

ತೊಂಬತ್ತೈದರ ಹುಡುಗ

ಸಾಂಗ್ಲಿಯಾನ! ಶಿಳ್ಳೆ ಹೊಡೆಯಲು ನಾನು ಬರುತ್ತೇನೆ ಅಣ್ಣ, ಜಾಗ ಹೇಳಿ.

ರೀಲ್ ಪೆಟ್ಟಿಗೆ

ಯಾವುದೇ ತೋರಿಸಿ, ಮೊದಲು ಹಕ್ಕು ಯಾರ ಹತ್ತಿರ ಇದೆ ಅಂತ ಕೇಳಿ ಅನುಮತಿ ತಗೊಳ್ಳಿ. ಮೈದಾನಕ್ಕೆ ಪೊಲೀಸ್ ಅನುಮತಿ, ಮೈಕಿಗೆ ಅನುಮತಿ ಎರಡೂ ಬೇಕು. ರಾತ್ರಿ 10ಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು. ಹಾಗಾಗಿ ಏಳಕ್ಕೆ ಮುಂಚೆ ಶುರು ಮಾಡಿದರೆ ಆರಾಮ. ಯೂಟ್ಯೂಬ್‌ನಲ್ಲಿರುವ ಹಳೇ ಪ್ರತಿಗಳಲ್ಲಿ ಬಣ್ಣ ಹೋಗಿದೆ, ದೊಡ್ಡ ಪರದೆಗೆ ಹಾಕಿದರೆ ಮುಖವೇ ಕಾಣುವುದಿಲ್ಲ. ಒಳ್ಳೆ ಪ್ರತಿ ಹುಡುಕಬೇಕು. ಈ ಚಿತ್ರಗಳ ನೆಗೆಟಿವ್‌ಗಳನ್ನು ಯಾರಾದರೂ ಮುತುವರ್ಜಿಯಿಂದ ಉಳಿಸಿ ಹೊಸ ಪ್ರತಿ ತೆಗೆಸಬೇಕು ಅನ್ನುವುದು ನನ್ನ ದೊಡ್ಡ ಆಸೆ. ಕಲಾತ್ಮಕ ಚಿತ್ರಗಳನ್ನು ಉಳಿಸುವವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಫೈಟ್ ಸಿನಿಮಾದ ರೀಲು ಗೋದಾಮಿನಲ್ಲಿ ಹುಳಿ ವಾಸನೆ ಬಂದು ಕರಗಿದರೂ ಕೇಳುವವರಿಲ್ಲ. ಗಾಂಧಿಬಜಾರ್ ಗೆಳೆಯರು ಪಕ್ಕಕ್ಕೆ ಸರಿಸಬೇಡಿ ಅಂದದ್ದು ನನಗೆ ಇದಕ್ಕೇ ಜಾಸ್ತಿ ತಟ್ಟಿತು.

ಗಾಂಧಿಬಜಾರ್ ಗೆಳೆಯ

ಕಾಕಿ ಅಂಗಿ ಅಣ್ಣ, ನಿಮ್ಮ ಹುಡುಗರು ಹೇಳಿದ್ದೇ ಆಗಲಿ. ನಿಮ್ಮ ಮೈದಾನದಲ್ಲಿ ಆಟೋ ರಾಜ ಬಿಟ್ಟು ಬೇರೆ ಚಿತ್ರ ಹಾಕಿದರೆ ಶೋಭೆಯಲ್ಲ. ಅದಕ್ಕೆ ಮುಂಚೆ ಸಾಧ್ಯವಾದರೆ ಒಂದಾನೊಂದು ಕಾಲದಲ್ಲಿ ಚಿತ್ರದ ಒಂದು ಕಾಳಗ ತೋರಿಸೋಣ, ಅದಕ್ಕೂ ಅನುಮತಿ ಕೇಳಿಯೇ. ಸುಂದರ್‌ಕೃಷ್ಣ ಅರಸ್ ಅವರ ಪೆರ್ಮಾಡಿ ಎದುರು ಗಂಡುಗಲಿ. ಆ ದಪ್ಪ ಮೈ, ಈ ತೆಳ್ಳಗಿನ ಮೈ, ಎರಡೂ ಒಂದನ್ನೊಂದು ಅಳೆಯುವ ರೀತಿ ಚಿಕ್ಕ ಮಕ್ಕಳೂ ನೋಡಬೇಕು.

ಅನುಮತಿ ಪತ್ರಗಳ ಓಡಾಟ ನನಗೆ ಬಿಡಿ. ರೀಲ್ ಪೆಟ್ಟಿಗೆ ಸರ್, ಒಳ್ಳೆ ಪ್ರತಿ ಎಲ್ಲಿ ಕೇಳಬೇಕು ಅಂತ ನನಗೆ ಖಾಸಗಿಯಾಗಿ ಬರೆಯಿರಿ. ರಂಗಪರದೆ ಅವರೇ, ಚಿತ್ರಕ್ಕೆ ಮುಂಚೆ ಐದು ನಿಮಿಷ ನೀವು ಮಾತಾಡಬೇಕು. ನಿಮ್ಮ ಸಂಕಟವನ್ನೂ ಸೇರಿಸಿ ಮಾತಾಡಿ.

ರಂಗಪರದೆ

ಬರುತ್ತೇನೆ. ಐದು ನಿಮಿಷ ಸಾಲದು, ಹತ್ತು ಕೊಡಿ.

ಕಾಕಿ ಅಂಗಿ

ಹತ್ತು ಕೊಟ್ಟೆವು ಸರ್. ನಿಮ್ಮನ್ನು ಮನೆಯಿಂದ ಕರೆದುಕೊಂಡು ಬರಲು ನಮ್ಮ ಗಾಡಿ ಬರುತ್ತದೆ, ಬಾಡಿಗೆ ಮಾತು ಎತ್ತಬೇಡಿ. ಊಟ ಎಲ್ಲರಿಗೂ ಇದೆ. ಬಿಸಿಬೇಳೆ ಬಾತ್, ಮೊಸರನ್ನ, ಕೇಸರಿಬಾತ್.